ಮೈನಾಳ ರಬ್ಬರ್ ಅಟ್ಟೆ

ಗೋಕಾಕ ಬಸ್‌ಸ್ಟ್ಯಾಂಡಿನ ಮುಂದೆ ಟಾಂಗಾ ಹೊಡೆಯುತ್ತಿದ್ದ ಸತ್ತೆಪ್ಪನ ಹೆಣ್ಣುಕುದುರೆ ಮೈನಾ ಆ ಬೇಸಿಗೆಯಲ್ಲಿ ಕುಂಟತೊಡಗಿತು. ಡಾಂಬರಿನ ಮೇಲೆ ಕಬ್ಬಿಣದ ಲಾಳ ಬಡಿದು ಬಡಿದು ಮುಂಗಾಲಿನ ಗೊರಸು ಸೀಳಿತ್ತು. ಸತ್ತೆಪ್ಪನಿಗೆ ಗೊತ್ತಿದ್ದ ಔಷಧ ಚಾಟಿಯೊಂದೇ. ಅವನ ಹೆಂಡತಿ ಇಂದ್ರವ್ವನೇ ಕುದುರೆಯನ್ನು ದನದ ದವಾಖಾನೆಗೆ ನಡೆಸಿಕೊಂಡು ಹೋದಳು.

“ಕಬ್ಬಿಣ ತಗಸ್ರಿ. ಮೊಳಿ ಹೊಡಿಯೂದ ಬ್ಯಾಡ. ಬಾಗೂವಂಥಾ ರಬ್ಬರ್ ಅಟ್ಟಿ ಕಟ್ರಿ, ಗೊರಸು ತಾನ ಬೆಳೀತೈತಿ,” ಎಂದರು ಡಾಕ್ಟರು.

ಗಂಡ ಬೈಯುತ್ತಾನೆಂದುಕೊಂಡಿದ್ದಳು. ಅವನು “ಮಾಡ್ಕೊ” ಎಂದುಬಿಟ್ಟ. ಹಳೇ ಟೈರು ಕೊಯ್ಯಿಸಿ, ಚರ್ಮದ ಪಟ್ಟಿ ಹೊಲಿಸಿ, ದಿನಾ ತಾನೇ ಕಟ್ಟಿದಳು, ಸಂಜೆ ಬಿಚ್ಚಿ ಗೊರಸು ತೊಳೆದಳು. ಮಳೆಗಾಲ ಕಳೆಯುವಷ್ಟರಲ್ಲಿ ಸೀಳು ಕೂಡತೊಡಗಿತು. ಒಂದು ದಿನ ಮೈನಾ ಖಾಲಿ ಟಾಂಗಾ ಎಳೆದುಕೊಂಡು ಹೊಳೆ ದಂಡೆಗುಂಟ ಓಡಿಯೇಬಿಟ್ಟಿತು. ಇಂದ್ರವ್ವ ನಗುತ್ತ ಹಿಂದೆ ಓಡಿದಳು.

ಆ ಓಟವನ್ನು ಸತ್ತೆಪ್ಪನೂ ನೋಡಿದ. ಆ ವಾರವೇ ನಿಡಸೋಸಿ ಕಡೆಯ ಬಾಳಗೌಡ, ಲಾಳ ಹೊಡೆಯುವ ಉದ್ದಪ್ಪನನ್ನು ಕರೆದುಕೊಂಡು ಬಂದ. ಗೌಡನಿಗೆ ಗಾಡಿ ಓಟದ ಶರ್ಯತ್ತಿಗೆ ಕುದುರೆ ಬೇಕಿತ್ತು.

“ಮಾರಿದಿ ಏನ?” ಎಂದಳು ಇಂದ್ರವ್ವ.

“ಮತ್ತ್ಯಾಕ ನಿನಗ ಉಪಚಾರ ಮಾಡಾಕ ಬಿಟ್ಟಿದ್ನಿ? ಕುಂಟ ಕುದರಿ ಯಾರ ತಗೋತಾರ? ಆ ರೊಕ್ಕದಾಗ ನಾ ಟಮ್‌ಟಮ್ ಆಟೋ ತರಾಂವ.”

ಬಾಳಗೌಡ ಪಟ್ಟಿ ಕೊಯ್ದು ರಬ್ಬರನ್ನು ತಿಪ್ಪೆಗೆ ಎಸೆದ. “ಚಪ್ಲಿ ಹಾಕ್ಕೊಂಡ ಕುದರಿ ಏನ ಓಡತೈತಿ? ಉದ್ದಪ್ಪ, ಇಲ್ಲೇ ಲಾಳ ಹೊಡಿ.”

“ಗೊರಸಿನ್ನೂ ಹಸಿ ಐತ್ರಿ, ಗೌಡ್ರ.”

“ಹೊಡಿ ಅಂದ್ನಿ.”

ಮೈನಾ ಉದ್ದಪ್ಪನಿಗೆ ಕಾಲು ಕೊಡದೆ ಒದೆಯಿತು. ಕೆಡವಿ ಕಟ್ಟಲು ಗೌಡ ಹಗ್ಗ ಬಿಚ್ಚಿದ. ಸತ್ತೆಪ್ಪ ಹೆಂಡತಿಯ ಕಡೆ ತಿರುಗಿದ.

“ನೀ ಹಿಡಿ. ನಿನ್ನ ಕೈಯಾಗ ಕೊಡತೈತಿ.”

“ಒಲ್ಲೆ.”

“ಕೆಡವಿದ್ರ ಎಲುಬು ಮುರೀತಾವ. ನಿನ್ನ ಖುಷಿ.”

ಇಂದ್ರವ್ವ ಕುಳಿತು ಕೈ ಚಾಚಿದಳು. ತೊಳೆಯುವ ಹೊತ್ತಿಗೆ ಕೊಡುವಂತೆಯೇ ಮೈನಾ ಕಾಲೆತ್ತಿ ಅವಳ ತೊಡೆಯ ಮೇಲಿಟ್ಟಿತು. ಮೊದಲ ಮೊಳೆಗೆ ಕುದುರೆಯ ಮೈಯೆಲ್ಲ ನಡುಗಿತು. ಎರಡನೆಯದು ಮಾಂಸಕ್ಕೆ ತಾಗಿ, ಬೆಚ್ಚಗಿನ ರಕ್ತ ಅವಳ ಸೀರೆಗೆ ಇಳಿಯಿತು. ಆಗಲೂ ಅದು ಕಾಲು ಕಸಿದುಕೊಳ್ಳಲಿಲ್ಲ. ಅವಳ ಹೆಗಲಿಗೆ ಮೋರೆ ಒತ್ತಿ ನಿಂತಿತು.

“ಶಾಣ್ಯಾ ಐತಿ,” ಎಂದು ಗೌಡ ನಕ್ಕ.

ಹೊರಡುವಾಗ ಮೈನಾ ಮೂರೇ ಕಾಲಲ್ಲಿ ಕುಪ್ಪಳಿಸಿತು. ಬೆತ್ತ ಬಿದ್ದ ಮೇಲೆ ನಾಲ್ಕನೆಯದನ್ನೂ ಊರಿತು.

ದೀಪಾವಳಿ ಕಳೆದ ಮೇಲೆ ಸಂತೆಯಲ್ಲಿ ಇಂದ್ರವ್ವನಿಗೆ ಉದ್ದಪ್ಪ ಸಿಕ್ಕ. “ನಿನ್ನ ಕುದರಿ ಹುಕ್ಕೇರಿ ಶರ್ಯತ್ತಿನ್ಯಾಗ ಬಿತ್ತವ್ವ. ರೋಡಿನ ಬಾಜೂ ಬಿಟ್ಟು ಹ್ವಾದ್ರು. ನಾಯಿ ಬಂದಾಗೂ ಜೀವ ಇತ್ತು.”

ಆಚೆ ಸತ್ತೆಪ್ಪ ಟಮ್‌ಟಮ್ಮಿನ ಹಾರ್ನ್ ಒತ್ತುತ್ತಿದ್ದ. ಇಂದ್ರವ್ವ ಹೋಗಿ ಹಿಂದೆ ಕುಳಿತಳು.