ಬಲಕ್ಕೆ ವಾಲಿದ ಕಾಲೇಜುಗಳು

ನಮ್ಮಪ್ಪ ನೆಲ ಹಾಸುವ ಮೇಸ್ತ್ರಿ. ಕಲ್ಲೋ ಟೈಲ್ಸೋ, ಅವರು ಹಾಸಿದ ನೆಲದ ಬಗ್ಗೆ ಯಾರೂ ಚಕಾರ ಎತ್ತುವಂತಿಲ್ಲ. ಎತ್ತಿದವರ ಮುಂದೆ ತಮ್ಮ ಮಟ್ಟಗೋಲು ಇಡುತ್ತಾರೆ. ಒಂದೂವರೆ ಅಡಿಯ ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯ ಹಸಿರು ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ನೆಲ ಸರಿ. ಪಟ್ಟಿಯ ಒಂದು ತುದಿಗೆ ಕೆಂಪು ಬಣ್ಣ ಬಳಿದಿದೆ. ಬಾಗಿಲ ಕಡೆ ಬೆನ್ನು ಮಾಡಿ ಕೂತು ಕೆಂಪು ತುದಿಯನ್ನು ಬಲಗಡೆಗೇ ಇಡಬೇಕು ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿದ್ದರಂತೆ. ಅಪ್ಪ ಒಮ್ಮೆಯೂ ಅದನ್ನು ಎಡಕ್ಕೆ ಇಟ್ಟವರಲ್ಲ.

ನಮ್ಮ ಮನೆಯ ನೆಲವೂ ಅಪ್ಪನದೇ, ಹತ್ತು ವರ್ಷದ ಹಿಂದೆ ಹಾಸಿದ್ದು. ಅಮ್ಮ ನೆಲ ಒರೆಸಲು ಇಟ್ಟ ಬಕೆಟ್ ಉರುಳಿದರೆ ನೀರು ಮೋರಿಯನ್ನು ಬಿಟ್ಟು ಮಲಗುವ ಕೋಣೆಗೆ ಹೋಗುತ್ತದೆ. ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಸೋದರಮಾವ ಬಡಗಿ, ಒಂಬತ್ತು ವರ್ಷದ ಹಿಂದೆ ನಮಗೊಂದು ಟೇಬಲ್ ಮಾಡಿಕೊಟ್ಟ. ಅದರ ಮೇಲಿಟ್ಟ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು. ನೆಲವನ್ನು ಮಟ್ಟ ನೋಡಿ ಹಾಸಿದ್ದು ಅಪ್ಪ ತಾನೇ, ಹಾಗಾಗಿ ತಪ್ಪು ಟೇಬಲ್ಲಿನದೇ ಆಯಿತು. ಮಾವ ನಾಲ್ಕೂ ಕಾಲುಗಳನ್ನು ಟೇಪು ಹಿಡಿದು ಅಳೆದು ತೋರಿಸಿದರೂ ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಟೇಬಲ್ಲಿನ ಎರಡು ಕಾಲುಗಳ ಕೆಳಗೆ ಟೈಲ್ಸಿನ ಚೂರು ಸಿಕ್ಕಿಸಿದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನನಗೆ ಆರ್ಕಿಟೆಕ್ಚರ್ ಓದುವ ಹುಚ್ಚು. ಮೂರು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಶುಕ್ರವಾರ ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಂಡು ಅಪ್ಪನ ರುಜು ಹಾಕಿಸಬೇಕು, ತಪ್ಪಿದರೆ ಮೂರೂ ಹೋದಂತೆ. ಅಪ್ಪ ಕಾಲೇಜುಗಳ ಪುಸ್ತಿಕೆಗಳನ್ನು ತೆರೆದೂ ನೋಡಲಿಲ್ಲ. ಮಟ್ಟಗೋಲನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು.

"ನೆಲಾನೇ ನೆಟ್ಟಗಿಲ್ಲದವರು ನಿನಗೆ ಕಟ್ಟೋದು ಏನು ಕಲಿಸ್ತಾರೆ?" ಎಂದರು.

ಮೊದಲ ಕಾಲೇಜಿನ ಹಜಾರದಲ್ಲಿ ಅಪ್ಪ ಮಂಡಿಯೂರಿ ಕೂತಾಗ ತಲೆ ಸುತ್ತಿ ಬಂದಿರಬೇಕೆಂದು ಯಾರೋ ನೀರು ತಂದುಕೊಟ್ಟರು. ನೀರು ಕುಡಿದು ಅಪ್ಪ ತೀರ್ಪು ಕೊಟ್ಟರು: ನೆಲ ಬಲಕ್ಕೆ ವಾಲಿದೆ. ಗುಮಾಸ್ತ ದೂರು ಅರ್ಜಿಯ ಮೂರು ಪ್ರತಿ ಕೊಟ್ಟು, ವಾಲಿದ ಸೀಟು ಬೇಕೋ ಬೇಡವೋ ಎಂದು ಕೇಳಿದ. ಎರಡನೆಯ ಕಾಲೇಜೂ ಬಲಕ್ಕೇ ವಾಲಿತ್ತು. ಅಲ್ಲಿನ ಗಡ್ಡದ ಮೇಷ್ಟ್ರು ಹಿಗ್ಗಿಹೋಗಿ, ನೆಲಕ್ಕೂ ತನ್ನದೇ ಒಂದು ಅಭಿಪ್ರಾಯ ಇರಬೇಕು ಎಂದು ಅರ್ಧ ಗಂಟೆ ವಿವರಿಸಿದರು. ನೆಲಕ್ಕೆ ಅಭಿಪ್ರಾಯ ಬೇಡ, ಮಟ್ಟ ಬೇಕು ಎಂದು ಅಪ್ಪ ಎದ್ದುಬಂದರು. ಅಷ್ಟರಲ್ಲಿ ಸುದ್ದಿ ಹಬ್ಬಿ, ಇನ್ನೂ ನಾಲ್ಕೈದು ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ನಮ್ಮ ಹಿಂದೆಯೇ ಮೂರನೆಯ ಕಾಲೇಜಿಗೆ ಬಂದರು. ಅವರಲ್ಲೊಬ್ಬರು ಮಗನ ಸೀಟನ್ನು ಆಗಲೇ ಬಿಟ್ಟುಕೊಟ್ಟಿದ್ದರು.

ನನಗೆ ಒಳಗೊಳಗೇ ಹೆದರಿಕೆ. ಕಾಲೇಜುಗಳು ಏಕೆ ವಾಲುತ್ತಿವೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಶುಕ್ರವಾರ ಸಂಜೆ ನಾಲ್ಕೂವರೆ. ಮೂರನೆಯ ಕಾಲೇಜಿನ ಡ್ರಾಯಿಂಗ್ ಕೋಣೆಯಲ್ಲಿ ಅಪ್ಪ ಮಟ್ಟಗೋಲು ಇಟ್ಟರು. ಹಿಂದೆ ನಿಂತಿದ್ದ ಅಪ್ಪಂದಿರು ಉಸಿರು ಬಿಗಿಹಿಡಿದರು. ಬಲಕ್ಕೆ. ಮುಖ್ಯಸ್ಥೆಯಾಗಿದ್ದ ಮೇಡಂ ವಾದ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಪ್ಪನ ಪಕ್ಕದಲ್ಲೇ ಕೂತು, ಪಟ್ಟಿಯನ್ನು ಎತ್ತಿ, ಕೆಂಪು ತುದಿ ಎಡಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿ ಇಟ್ಟರು. ಗುಳ್ಳೆ ಈ ಸಲ ಇನ್ನೊಂದು ಕಡೆಗೆ ಓಡಿತು.

ಅಪ್ಪ ಬಗ್ಗಿ ಗುಳ್ಳೆಯನ್ನು ನೋಡಿದರು. "ಮೇಡಂ, ನಿಮ್ಮ ನೆಲ ಎರಡೂ ಕಡೆ ವಾಲಿದೆ. ನನ್ನ ಸರ್ವೀಸಲ್ಲಿ ಇಂಥದ್ದು ನೋಡೇ ಇಲ್ಲ."

ಹಿಂದಿದ್ದವರಲ್ಲಿ ಗುಜುಗುಜು ಎದ್ದಿತು. ಒಬ್ಬರು ಮಗಳ ಕೈ ಹಿಡಿದು ಹೊರಗೆ ನಡೆದೇಬಿಟ್ಟರು. ಮೇಡಂ ಮಾತ್ರ ಗಾಜಿನ ಕೊಳವೆಯ ಸುತ್ತ ಹಳದಿಗಟ್ಟಿದ್ದ ಗೋಂದನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಗೋಡೆ ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಹೇಳಿದರೆ ಅಪ್ಪನ ಹನ್ನೊಂದು ವರ್ಷದ ಕೆಲಸ ಮಣ್ಣುಪಾಲು, ಹೇಳದಿದ್ದರೆ ನನ್ನ ಓದು.

"ಅಪ್ಪ, ನೆಲ ಸರಿಯಿದೆ," ಎಂದೆ. "ಹನ್ನೊಂದು ವರ್ಷದ ಹಿಂದೆ, ಏಳು ವರ್ಷದವಳಿದ್ದಾಗ, ಈ ಮಟ್ಟಗೋಲು ನನ್ನ ಕೈ ಜಾರಿ ಬಿತ್ತು. ಗಾಜು ಕಿತ್ತು ಬಂದಿತ್ತು. ನಾನೇ ಸ್ಕೂಲಿನ ಗೋಂದು ಹಾಕಿ ಅಂಟಿಸಿಟ್ಟೆ. ಬೈತೀಯ ಅಂತ ಹೇಳ್ಲಿಲ್ಲ. ಆಮೇಲೆ ಅದು ತಪ್ಪು ತೋರಿಸುತ್ತೆ ಅಂತ ಗೊತ್ತಾದಾಗ ಹೇಳೋಕೆ ಧೈರ್ಯ ಬರ್ಲಿಲ್ಲ."

ಅಪ್ಪ ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ತಿರುಗಿಸಿದರು. ಟೇಬಲ್ ಮೇಲಿಟ್ಟು ತಿರುಗಿಸಿದರು. ಹನ್ನೊಂದು ವರ್ಷದಲ್ಲಿ ತಾವು ನೆಲ ಹಾಸಿದ ಮನೆಗಳನ್ನು ಬೆರಳು ಮಡಚಿ ಎಣಿಸತೊಡಗಿ, ಬೆರಳು ಸಾಲದೆ ಕೈ ಬಿಟ್ಟರು. ಒಂದೇಟು ಹೊಡೆದಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ನಾನು ಅಳುತ್ತಿದ್ದೆ, ಉಳಿದ ಅಪ್ಪಂದಿರು ತಮ್ಮ ತಮ್ಮ ಚಪ್ಪಲಿ ನೋಡುತ್ತಾ ನಿಂತಿದ್ದರು.

ಕೊನೆಗೆ ಅಪ್ಪ ಸೀಟು ಒಪ್ಪಿಕೊಳ್ಳುವ ಅರ್ಜಿ ಕೇಳಿ ಪಡೆದರು. "ತಿರುಗಿಸಿ ನೋಡೋದು ನನಗೆ ಹೊಳೀಲೇ ಇಲ್ಲ. ಇವರಿಗೆ ಹೊಳೀತು. ಇಲ್ಲೇ ಓದು." ರುಜು ಹಾಕುವಾಗ ಐದಕ್ಕೆ ಐದು ನಿಮಿಷವಿತ್ತು.

ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೊರಟೆವು. ತಾವು ನೆಲ ಹಾಸಿದ ಮನೆಗಳು ಬಂದಾಗಲೆಲ್ಲ ಅಪ್ಪ ಇನ್ನೊಂದು ಕಿಟಕಿಯತ್ತ ತಿರುಗಿಕೊಳ್ಳುತ್ತಿದ್ದರು. ಮನೆಗೆ ಬಂದವರೇ ನೇರ ಟೇಬಲ್ ಬಳಿ ಹೋಗಿ, ಬಗ್ಗಿ, ಕಾಲುಗಳ ಕೆಳಗಿನ ಟೈಲ್ಸಿನ ಎರಡು ಚೂರುಗಳನ್ನೂ ಎಳೆದು ತೆಗೆದರು. ಮೇಲಿದ್ದ ಪೆನ್ಸಿಲ್ ಉರುಳಿಕೊಂಡು ಬಂತು. ಬೀಳುವ ಮೊದಲೇ ಅದನ್ನು ಕೈಯಲ್ಲಿ ಹಿಡಿದುಕೊಂಡರು.

"ನಿನ್ನ ಮಾವನಿಗೆ ಫೋನ್ ಹಚ್ಚು," ಎಂದರು.

"ಏನಂತ ಹೇಳ್ಲಿ?"

ಅಪ್ಪ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೈ ಚಾಚಿದರು.

"ನೀನೇನೂ ಹೇಳ್ಬೇಡ, ಫೋನ್ ಇಲ್ಲಿ ಕೊಡು. ಟೇಬಲ್ ಸರಿಯಾಗೇ ಇತ್ತು ಅಂತ ನಾನೇ ಹೇಳ್ತೀನಿ."