ಎರಡನೆಯ ಒಪ್ಪಿಗೆ

ವಿದ್ಯುತ್ ಚಿತಾಗಾರದ ಹಳಿಯ ಮೇಲೆ ಹೆಣವನ್ನು ಇಳಿಸುತ್ತಿದ್ದಾಗಲೇ ಸತ್ತವರ ಸಹೋದ್ಯೋಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕೈ ಬಿಡಿಸಿಕೊಂಡು ನೋಡಿದ. ಸೌರ ಬಿರುಗಾಳಿಗಳ ಮುನ್ನೆಚ್ಚರಿಕೆ ಕೊಡುವ ಕಚೇರಿಯಿಂದ. ಪಾಳಿಯಲ್ಲಿದ್ದವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು: ಮೊನ್ನೆ ಸೂರ್ಯನಿಂದ ಸಿಡಿದ ಮೋಡ ಕಾವಲು ಉಪಗ್ರಹವನ್ನು ದಾಟಿದೆ, ಇನ್ನು ಮುಕ್ಕಾಲು ಗಂಟೆಯಲ್ಲಿ ಭೂಮಿಗೆ ಬಡಿಯುತ್ತದೆ. ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದರೆ ಕಾಂತ ಬಿರುಗಾಳಿ, ತಿರುಗದಿದ್ದರೆ ಏನೂ ಇಲ್ಲ. ಈಗ ಅತ್ತಿತ್ತ ಓಲಾಡುತ್ತಿದೆ.

ಎಚ್ಚರಿಕೆ ಹೊರಡಬೇಕಾದರೆ ಇಬ್ಬರು ಒಪ್ಪಬೇಕು. ಇಷ್ಟು ಕಾಲ ಆ ಎರಡನೆಯ ಒಪ್ಪಿಗೆ ಕೊಡುತ್ತಿದ್ದವರು ಹಳಿಯ ಮೇಲೆ ಮಲಗಿದ್ದರು. ಇನ್ನು ಉಳಿದವನು ಇವನೊಬ್ಬನೇ.

ಎಚ್ಚರಿಕೆ ಹೋದರೆ, ಟ್ರಾನ್ಸ್‌ಫಾರ್ಮರುಗಳು ಸುಡದಿರಲೆಂದು ವಿದ್ಯುತ್ ಕಂಪನಿಯವರು ಊರಿನ ಈ ಭಾಗಕ್ಕೆ ಕರೆಂಟು ತೆಗೆಯುತ್ತಾರೆ. ಚಿತಾಗಾರದವನನ್ನು ಮೆಲ್ಲಗೆ ವಿಚಾರಿಸಿದ.

"ಒಳಗೆ ತಳ್ಳಿದ್ಮೇಲೆ ಕರೆಂಟ್ ಹೋದ್ರೆ ನನ್ ಕೈಲಿ ಏನೂ ಇಲ್ಲ ಸಾರ್. ಅರ್ಧಂಬರ್ಧ ಉಳಿದುಬಿಡುತ್ತೆ. ಈಗ್ಲೇ ಹೇಳ್ಬಿಡಿ."

ಸತ್ತವರ ಮಗಳ ಕಿವಿಗೆ ಅದು ಬಿತ್ತು. ಅಪ್ಪ ಜೀವಮಾನವಿಡೀ ಹುಯಿಲೆಬ್ಬಿಸಿ ಕಂಡಕಂಡವರ ಬಾಯಿಗೆ ಬಿದ್ದದ್ದು ಸಾಲದೇ, ಇವತ್ತೊಂದು ದಿನ ಸುಮ್ಮನಿರಿ ಎಂದು ಅವಳು ಕೈಮುಗಿದಳು. ತಪ್ಪೇನೂ ಅಲ್ಲ. ಕಚೇರಿಯಲ್ಲಿ ಅವರಿಗೆ ಗಾಬರಿಯಪ್ಪ ಎಂದೇ ಹೆಸರು; ಸೂರ್ಯ ಸೀನಿದರೂ ಎಚ್ಚರಿಕೆ ಕೊಡುತ್ತಾರೆಂದು ಆಡಿಕೊಳ್ಳುತ್ತಿದ್ದರು.

* * *

ಮೊದಲು ಅವರು ಹಾಗಿರಲಿಲ್ಲ. ಒಂದು ವರ್ಷ ಮೇಲಿಂದ ಮೇಲೆ ಎರಡು ಎಚ್ಚರಿಕೆ ಸುಳ್ಳಾದವು. ಕಂಪನಿಯ ಮ್ಯಾನೇಜರು ಫೋನಿನಲ್ಲೇ ನೀರಿಳಿಸಿದ. ಮೂರನೆಯ ಸಲ ಮೋಡ ಬಂದಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಇವನು ಒಪ್ಪಿಗೆ ಕೊಟ್ಟು ಅವರ ಮುಖ ನೋಡಿದ. "ಇನ್ನೊಂಚೂರು ನೋಡೋಣ ತಾಳು," ಎಂದರು.

ನೋಡುತ್ತ ಕೂತರು. ಕಾಂತಕ್ಷೇತ್ರ ತಟ್ಟನೆ ದಕ್ಷಿಣಕ್ಕೆ ಕುಸಿಯಿತು. ಎಚ್ಚರಿಕೆ ತಲುಪುವ ಹೊತ್ತಿಗೆ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಬಿದ್ದಿತ್ತು. ಪಕ್ಕದಲ್ಲಿ ಕೆಲಸಕ್ಕಿದ್ದು ಜೀವ ಕಳೆದುಕೊಂಡವನು ಅವರ ಹೆಂಡತಿಯ ಒಡಹುಟ್ಟಿದ ತಮ್ಮ.

ತಡವಾದದ್ದು ಏಕೆಂದು ಇಬ್ಬರೂ ಬಾಯಿಬಿಡಲಿಲ್ಲ. ಮನೆಯಲ್ಲಿ ಆಕೆ ಬಡಿಸಿದರು, ಬಟ್ಟೆ ಮಡಿಸಿದರು, ಮಗಳ ಮದುವೆ ಮಾಡಿದರು, ತಮ್ಮನ ಹೆಸರೆತ್ತಲಿಲ್ಲ. ಆಕೆಗೆ ಏನೂ ತಿಳಿಯದೆಂದು ನಂಬಿ ಆ ಮನುಷ್ಯ ದಿನಾ ಆಕೆಯ ಎದುರು ಕೂತು ಅನ್ನ ನುಂಗುತ್ತಿದ್ದರು. ಎಂಥ ನರಕವಿರಬೇಕು ಅದು.

* * *

ಚಿತಾಗಾರದ ಗೋಡೆಗೊರಗಿದ್ದ ಹೆಂಡತಿ ಎದ್ದು ಬಂದರು. ಏನಂತೆ ಎಂದು ಕೇಳಿದರು. ಇವನು ವಿಷಯ ಹೇಳಿ, "ಬರ್ಲಿಕ್ಕಿಲ್ಲ ಅಕ್ಕಾ, ಇನ್ನೊಂಚೂರು ನೋಡೋಣ," ಎಂದ.

"ಅವತ್ತು ಇವರೂ ಹೀಗೇ ನೋಡ್ತಾ ಕೂತ್ರಲ್ಲಪ್ಪ. ನನ್ನ ತಮ್ಮ ಸುಟ್ಟುಹೋದ."

ನಿಮಗೆ ಯಾರು ಹೇಳಿದರು ಎಂದು ಇವನು ಕೇಳಿದ.

"ನಿದ್ದೇಲಿ ಎಲ್ಲಾ ಕನವರಿಸೋರು. ಎಚ್ಚರ ಇದ್ದಾಗ ಒಂದ್ಸಲ ಇವರಾಗೇ ಹೇಳ್ಲಿ ಅಂತ ಕಾದೆ. ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಹೆಣದ ಕಡೆ ನೋಡಲಿಲ್ಲ. "ನೀನು ಕಳಿಸು. ಇವರು ಕಾಯ್ತಾರೆ."

ಕಳಿಸಿದ. ಸ್ವಲ್ಪ ಹೊತ್ತಿಗೆ ಫ್ಯಾನುಗಳು ನಿಂತವು. ನೆಂಟರು ಗೊಣಗುತ್ತ ಹೊರಗೆ ನೆರಳು ಹುಡುಕಿಕೊಂಡರು. ಮಗಳು ಮುಖ ತಿರುಗಿಸಿ ನಿಂತಳು.

ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗದೆಯೇ ಮೋಡ ಹಾದುಹೋಯಿತು. ಬಿರುಗಾಳಿಯಿಲ್ಲ, ಏನಿಲ್ಲ. ಮಧ್ಯಾಹ್ನ ಕಳೆದ ಮೇಲೆ ಕಂಪನಿಯವನು ಫೋನು ಮಾಡಿ ಬಾಯಿಗೆ ಬಂದಂತೆ ಬೈದ, ಇವನು ಕೇಳಿಸಿಕೊಂಡ. ಕರೆಂಟು ಬಂತು. ಕುಲುಮೆ ಮತ್ತೆ ಕಾಯುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯಿತು.

ಚಿತಾಗಾರದವನು ಕರೆಯಲು ಬಂದಾಗ ಆಕೆ ಗಂಡನ ಮುಖದ ಮೇಲಿನ ಬಟ್ಟೆ ಸರಿಸಿ, ಪಕ್ಕದ ಸ್ಟೂಲಿನಲ್ಲಿ ಕೂತು ಬಗ್ಗಿ ಮಾತಾಡುತ್ತಿದ್ದರು. ತೀರಿಹೋದ ತಮ್ಮ ಚಿಕ್ಕವನಿದ್ದಾಗಿನ ಮಾತು: ಸೈಕಲ್ ಕಲಿಸಿದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು. ಕುಲುಮೆ ಸಿದ್ಧವಾಗಿದೆ ಅಮ್ಮಾ ಎಂದ. ಆಕೆ ತಲೆಯೆತ್ತದೆ, ಸ್ವಲ್ಪ ತಡಿ ಎನ್ನುವಂತೆ ಅವನತ್ತ ಕೈ ತೋರಿಸಿ, ಮಾತು ಮುಂದುವರಿಸಿದರು.