ಬಡೇಸಾಬರು ರಿಪೇರಿ ಮಾಡಿದ ಚಿತ್ರ

ಕರೂರು ಕೈಗಾರಿಕಾ ಪ್ರದೇಶದಲ್ಲಿರುವ ಬಡೇಸಾಬರ ಪೇಂಟಿಂಗ್ ಶೆಡ್ಡಿನಿಂದ ಹೊರಬಿದ್ದ ಬೀರುವಿನ ಮೇಲೆ ಬಣ್ಣ ಇಳಿದ ಗೆರೆ ಕಂಡವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ. ಇದು ಬೇರೆಯವರ ಮಾತಲ್ಲ, ಬಡೇಸಾಬರದೇ.

ಅಂಥ ಶೆಡ್ಡಿಗೆ ಎಂ.ಸಿ.ಸಿ. ಬಡಾವಣೆಯ ಚಿತ್ರಕಲಾವಿದೆ ಪುಷ್ಪಲತಾ ಬಂದಳು. ಕುಂಚ ಸಾಕಾಗಿದೆಯಂತೆ, ಕಂಪ್ರೆಸರು, ಸ್ಪ್ರೇ ಗನ್ನು ಬೇಕಂತೆ. ಬಾಗಿಲಷ್ಟು ದೊಡ್ಡ ತಗಡು ನಿಲ್ಲಿಸಿ ದಿನವಿಡೀ ಕೆಂಪು, ಹಳದಿ, ನೀಲಿ ಹೊಡೆದಳು. ಬಣ್ಣ ಧಾರೆಧಾರೆಯಾಗಿ ಇಳಿಯಿತು. ನೋಡಲಾರದೆ ಬಡೇಸಾಬರು ಮತ್ತೆ ಮತ್ತೆ ಚಹಾ ಕುಡಿಯಲು ಹೋದರು.

“ಒಣಗಲಿ ಸಾಬ್ರೇ. ನಾಳೆ ಸಂಜೆ ಹರಿಹರದಾಗ ಪ್ರದರ್ಶನ. ನನ್ನ ಮೊದಲನೇದು. ಇದೊಂದೇ ಚಿತ್ರ ನಂದು,” ಎಂದು ಹೇಳಿ ಸ್ಕೂಟಿ ಹತ್ತಿದಳು.

ಪಾಪ, ಹೊಸ ಕೈ. ಗನ್ನು ತೀರಾ ಹತ್ತಿರ ಹಿಡಿದು ಕೆಡಿಸಿಕೊಂಡಿದ್ದಾಳೆ, ನಾಲ್ಕು ಜನರ ಮುಂದೆ ಮರ್ಯಾದೆ ಹೋದೀತು ಅನ್ನಿಸಿತು ಬಡೇಸಾಬರಿಗೆ. ಬೆಳಿಗ್ಗೆ ಬೇಗ ಬಂದು, ಸದಾ ಜೇಬಿನಲ್ಲಿರುವ ಪಾಲಿಶ್ ಪೇಪರ್ ತೆಗೆದು ಇಳಿದ ಗೆರೆಗಳನ್ನೆಲ್ಲ ಉಜ್ಜಿದರು. ಇಡೀ ತಗಡಿನ ಮೇಲೆ ಬೇಗ ಒಣಗುವ ಬೂದುಬಣ್ಣ, ಬೀರುವಿಗೆ ಹೊಡೆಯುವಂಥದೇ, ಅವಸರದಲ್ಲಿ ಹೊಡೆದು ಮುಗಿಸಿದರು. ಮುಖ ನೋಡಿಕೊಳ್ಳಬಹುದಿತ್ತು.

ಪುಷ್ಪಲತಾ ಬಂದವಳೇ ಸ್ಟೂಲಿನ ಮೇಲೆ ಕುಸಿದಳು. “ನನ್ನ ಚಿತ್ರ ಎಲ್ಲಿ ಸಾಬ್ರೇ?”

“ಒಳಗೇ ಐತಮ್ಮ. ಎಲ್ಲಿಗೂ ಹೋಗಿಲ್ಲ.”

ಊಟದ ಡಬ್ಬಿ ತಂದ ಹೆಂಡತಿ ಮಾಬೂಬೀಗೆ ಸಂಗತಿ ತಿಳಿಯಲು ಹೊತ್ತು ಹಿಡಿಯಲಿಲ್ಲ. “ನಿಖಾ ದಿನ ನನ್ನ ಮೆಹಂದಿ ಇವರ ಕಣ್ಣಿಗೆ ಬೀಳದಂಗ ಸೆರಗಿನಾಗ ಮುಚ್ಚಿಟ್ಟಿದ್ದೆ ನೋಡಮ್ಮ. ಕಂಡಿದ್ರ ಅದಕ್ಕೂ ಒಂದು ಕೋಟ್ ಹೊಡೀತಿದ್ರು!”

ಅಳು ಬರುವುದರೊಳಗೆ ಪುಷ್ಪಲತಾಗೆ ನಗು ಬಂತು. ಕಣ್ಣೊರೆಸಿಕೊಂಡು ಎದ್ದಳು. “ಒಳಗೇ ಐತಲ್ಲ? ಆ ಗ್ರೈಂಡರ್ ಕೊಡ್ರಿ ಮತ್ತ.”

ಗ್ರೈಂಡರಿನ ಉಜ್ಜುವ ಚಕ್ರವನ್ನು ಅಲ್ಲಲ್ಲಿ ಒತ್ತಿದಳು. ಬೂದುಬಣ್ಣ ಪುಡಿಯಾಗಿ ಹಾರಿ, ಹೆಚ್ಚಿದ ಈರುಳ್ಳಿಯ ಸುತ್ತುಗಳಂತೆ ನೀಲಿ, ಹಳದಿ, ಕೆಂಪು ತೆರೆದುಕೊಂಡವು.

“ನನ್ನ ಫಿನಿಶಿಂಗ್ ಹೋತಲ್ಲಮ್ಮ!”

“ಮೊದ್ಲು ನಂದು ಹೋಗಿತ್ತಲ್ರಿ.”

ಸಂಜೆ ಹರಿಹರದಲ್ಲಿ ಆ ತಗಡಿನ ಮುಂದೆ ಜನ ಗುಂಪುಗೂಡಿದ್ದರು. ಮಾಬೂಬೀ ಜೊತೆ ಬಂದಿದ್ದ ಬಡೇಸಾಬರು ಎದೆಯುಬ್ಬಿಸಿ ಹತ್ತಿರ ಹೋದವರು ತಟ್ಟನೆ ನಿಂತರು. ಕೆಳಮೂಲೆಯಲ್ಲಿ ಬಣ್ಣ ಇಳಿದ ಒಂದು ಗೆರೆ. ಬೂದುಬಣ್ಣದ್ದು.

“ಅದನ್ನ ಮುಟ್ಟಬ್ಯಾಡ್ರಿ ಸಾಬ್ರೇ,” ಎಂದಳು ಪುಷ್ಪಲತಾ. “ಎಲ್ಲಾರೂ ಅದೇ ಚಲೋ ಐತೆ ಅಂತಾರ.”

ಅಷ್ಟರಲ್ಲಿ ಅವರ ಕೈ ಜೇಬಿಗಿಳಿದಿತ್ತು. ಮಾಬೂಬೀ ತನ್ನ ಅಂಗೈ ಚಾಚಿದಳು. ಬಡೇಸಾಬರು ಅತ್ತಿತ್ತ ನೋಡಿ, ಮಡಿಸಿದ ಪಾಲಿಶ್ ಪೇಪರನ್ನು ಅದರಲ್ಲಿ ಇಟ್ಟರು.